ಹಳೆಯ ಚರ್ಚ್ ಪುಸ್ತಕಗಳಲ್ಲಿ ಅಸ್ಪಷ್ಟ ಹೆಸರುಗಳನ್ನು ಓದುವುದು ಹೇಗೆ? ಕರಾವಳಿಯಿಂದ ಕೊಪ್ಪದವರೆಗೆ ಒಂದು ಕೈಪಿಡಿ

ಕುಟುಂಬದ ಹಿರಿಯರನ್ನು ಹುಡುಕುತ್ತಾ ಚರ್ಚ್ ಕಚೇರಿಗೆ ಬರುವವರು ಸಾಮಾನ್ಯವಾಗಿ ಹೇಳುವ ಮಾತು ಒಂದೇ: “ನಮ್ಮ ಅಜ್ಜಿಯ ಹೆಸರು ಪುಸ್ತಕದಲ್ಲಿ ಇಲ್ಲ.” ಹೆಚ್ಚಿನ ಸಂದರ್ಭಗಳಲ್ಲಿ ಹೆಸರು ಇರುತ್ತದೆ. ನಾವು ಹುಡುಕುವ ರೂಪದಲ್ಲಿ ಇರುವುದಿಲ್ಲ, ಅಷ್ಟೆ. ಮನೆಯಲ್ಲಿ ಕರೆದ ಹೆಸರು ಒಂದು, ಗುರುಗಳು ಲ್ಯಾಟಿನಿನಲ್ಲಿ ಬರೆದದ್ದು ಇನ್ನೊಂದು, ಘಟ್ಟದ ಮೇಲೆ ಹೋದ ಮೇಲೆ ಬಂದದ್ದು ಮತ್ತೊಂದು.

ಊರಿನ ಹೆಸರೂ ಹಾಗೆಯೇ. ಕರಾವಳಿಯ ಜ್ಞಾನಸ್ನಾನ ಪುಸ್ತಕದ ಅಂಚಿನಲ್ಲಿ ‘ಕೊಪ್ಪದಲ್ಲಿ ವಿವಾಹ’ ಎಂದು ಬರೆದಿದ್ದರೆ ಕುಟುಂಬದವರು ನೇರವಾಗಿ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪಕ್ಕೆ ಹೋಗುತ್ತಾರೆ. ಅಲ್ಲಿ ಸಿಗದಿದ್ದರೆ ಹುಡುಕಾಟ ನಿಂತುಹೋಗುತ್ತದೆ. ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕುಶಾಲನಗರದಿಂದ ಕಾವೇರಿ ದಾಟಿದ ಕೂಡಲೇ, ಇನ್ನೊಂದು ಕೊಪ್ಪ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಮತ್ತೊಂದಿದೆ. ಹಳೆ ಮೈಸೂರಿನಲ್ಲಿ ‘ಕೊಪ್ಪಲು’ ಎಂದು ಮುಗಿಯುವ ಹಳ್ಳಿಗಳಂತೂ ಬಹಳ.

ಪಿರಿಯಾಪಟ್ಟಣದ ಕೊಪ್ಪ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನೆಲೆಸಿದ ಕರಾವಳಿ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಸಿದ್ಧಪಡಿಸಲಾಗಿದೆ. ಚರ್ಚ್ ಕಚೇರಿಯಲ್ಲಿ ಕೆಲಸ ಮಾಡುವವರಿಗೂ ಇದು ಉಪಯೋಗವಾದೀತು. ಇಡೀ ಲೇಖನದ ಸಾರ ಒಂದೇ ಮಾತು: ಹೆಸರೊಂದನ್ನೇ ನೋಡಿ ವ್ಯಕ್ತಿಯನ್ನು ನಿರ್ಧರಿಸಬೇಡಿ, ಹೆಸರಿನ ಸುತ್ತ ಇರುವ ಜನರನ್ನು ನೋಡಿ.

ಪುಸ್ತಕಗಳು ಎಲ್ಲಿಂದ ಬಂದವು?

1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿ ಧರ್ಮಕೇಂದ್ರದಲ್ಲಿ ವಿವಾಹ ಪುಸ್ತಕ ಇಡಬೇಕೆಂದು ವಿಧಿಸಿತು. 1614ರ ರೋಮನ್ ವಿಧಿಗ್ರಂಥವು ಐದು ಪುಸ್ತಕಗಳ ನಮೂನೆ ಕೊಟ್ಟಿತು: ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಮತ್ತು ಮನೆಮನೆಯ ಜನರ ಪಟ್ಟಿ. ಐದನೆಯದನ್ನು ಲ್ಯಾಟಿನಿನಲ್ಲಿ ‘ಸ್ತಾತುಸ್ ಅನಿಮಾರುಂ’ ಎನ್ನುತ್ತಾರೆ. ಒಂದು ಮನೆಯಲ್ಲಿ ಯಾರು ಯಾರು ಇದ್ದರು ಎಂಬುದು ಒಂದೇ ಕಡೆ ಸಿಗುವುದರಿಂದ, ಅದು ಉಳಿದಿರುವ ಚರ್ಚುಗಳಲ್ಲಿ ಮೊದಲು ಅದನ್ನೇ ನೋಡಬೇಕು.

ನಮ್ಮ ಕರಾವಳಿಯಲ್ಲಿ 1784ರಲ್ಲಿ ಕೆನರಾದ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಂತೆ ಶ್ರೀರಂಗಪಟ್ಟಣಕ್ಕೆ ಒಯ್ದಾಗ ಇಗರ್ಜಿಗಳು ನೆಲಸಮವಾದವು, ಅವುಗಳ ಜೊತೆ ಪುಸ್ತಕಗಳೂ ಬಹುಪಾಲು ಹೋದವು. 1799ರ ನಂತರ ಜನ ಹಿಂದಿರುಗಿದ ಮೇಲೆ ಹೊಸ ಪುಸ್ತಕಗಳು ಶುರುವಾದವು. ಅದಕ್ಕೂ ಹಿಂದಿನ ತಲೆಮಾರುಗಳ ಹೆಸರು ‘ಪುಸ್ತಕದಲ್ಲೇ ಇದೆ’ ಎಂದು ಯಾರಾದರೂ ಹೇಳಿದರೆ, ಆ ಪುಸ್ತಕವನ್ನು ಕಣ್ಣಾರೆ ನೋಡಿಯೇ ನಂಬಬೇಕು.

ಸೆರೆಯಿಂದ ಪಾರಾದವರೆಲ್ಲ ಕರಾವಳಿಗೆ ಮರಳಲಿಲ್ಲ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ ಕ್ರೈಸ್ತರಿಂದ ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ 1792ರಲ್ಲಿ ಆರಂಭವಾಯಿತು. 1850ರ ದಶಕದಿಂದ ಕೊಡಗಿನಲ್ಲಿ ಕಾಫಿ ತೋಟಗಳು ಹೆಚ್ಚಿದಂತೆ ಕೂಲಿಗೆ, ಮೇಸ್ತ್ರಿ ಕೆಲಸಕ್ಕೆ, ವ್ಯಾಪಾರಕ್ಕೆ ಘಟ್ಟ ಹತ್ತಿದವರೂ ಇದ್ದರು. ಕೊಪ್ಪ ಇರುವುದು ಈ ಕೊಡಗಿನ ಬಾಗಿಲಲ್ಲಿ.

ಬರೆದವರ ಭಾಷೆ ಯಾವುದು?

ಅಸ್ಪಷ್ಟ ಹೆಸರು ಓದುವ ಮೊದಲು, ಬರೆದ ಗುರುಗಳು ಯಾವ ಭಾಷೆಯವರು ಎಂದು ತಿಳಿಯಬೇಕು. ಅವರು ತಮ್ಮ ಕಿವಿಗೆ ಬಿದ್ದದ್ದನ್ನು ತಮ್ಮ ಭಾಷೆಯ ಕಾಗುಣಿತದಲ್ಲಿ ಬರೆದಿದ್ದಾರೆ.

ಕರಾವಳಿಯ ಇಗರ್ಜಿಗಳು ಮೊದಲು ಗೋವಾದ ಅಧೀನದಲ್ಲಿದ್ದವು. ಆ ಪುಸ್ತಕಗಳಲ್ಲಿ ಪೋರ್ಚುಗೀಸ್ ಹೆಚ್ಚು. 1845ರಲ್ಲಿ ಮಂಗಳೂರು ಪ್ರತ್ಯೇಕ ಆಡಳಿತವಾಯಿತು, ಕಾರ್ಮೆಲ್ ಸಭೆಯ ಗುರುಗಳು ನೋಡಿಕೊಂಡರು. 1878ರ ಕೊನೆಯಲ್ಲಿ ಇಟಲಿಯ ಜೆಸ್ವಿಟ್ ಗುರುಗಳು ಬಂದರು. ಅಲ್ಲಿಂದ ಮುಂದೆ ಲ್ಯಾಟಿನ್ ಬಲವಾಯಿತು. ಘಟ್ಟದ ಮೇಲೆ ಮೈಸೂರು ಸೀಮೆಯಲ್ಲಿ ಪ್ಯಾರಿಸ್ ವಿದೇಶಿ ಮಿಶನ್ ಸಂಸ್ಥೆಯ ಫ್ರೆಂಚ್ ಗುರುಗಳಿದ್ದರು. 1799ರ ನಂತರ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಿದ ಅಬ್ಬೆ ದ್ಯುಬುವಾ ಅವರೂ ಆ ಸಂಸ್ಥೆಯವರೇ. ಮೈಸೂರಿನ ಮಿಶನ್ ಬಹುಕಾಲ ಪುದುಚೇರಿಯ ಜೊತೆ ಸೇರಿಕೊಂಡಿದ್ದರಿಂದ ಅಲ್ಲಿನ ಕ್ರೈಸ್ತ ಹೆಸರುಗಳಲ್ಲಿ ತಮಿಳಿನ ಪ್ರಭಾವ ಹೆಚ್ಚು.

ಕಾಗುಣಿತದ ಕೆಲವು ಸೂಚನೆಗಳು:

- ಪೋರ್ಚುಗೀಸರ ‘ಎಕ್ಸ್’ ಅಕ್ಷರ ಎಷ್ಟೋ ಕಡೆ ‘ಶ’ಕಾರ. ಎಕ್ಸ್‌ನಿಂದ ಶುರುವಾದ ಹೆಸರು ಶಾವಿಯೆರ್ ಇರಬಹುದು, ಶೇಟ್ ಅಥವಾ ಶೆಣೈ ಕೂಡ ಇರಬಹುದು.
- ಫ್ರೆಂಚರಿಗೆ ‘ಉ’ ಬರೆಯಲು ‘ಒ’ ಮತ್ತು ‘ಯು’ ಎರಡೂ ಅಕ್ಷರ ಬೇಕು. ಹಾಗಾಗಿ ಮುತ್ತು ಎಂಬುದು ‘ಮೌಟೌ’ ಎಂದು ಓದುವಂತೆ ಕಾಣುತ್ತದೆ.
- ಫ್ರೆಂಚರ ‘ಸಿ-ಎಚ್’ ಎಂದರೆ ‘ಶ’. ‘ಚ’ ಬರೆಯಲು ಅವರು ಮೊದಲಿಗೆ ‘ಟಿ’ ಸೇರಿಸುತ್ತಾರೆ, ಇಲ್ಲವೇ ಕೇಳಿದಂತೆ ‘ಎಸ್’ ಬರೆಯುತ್ತಾರೆ. ಚಿನ್ನಪ್ಪ ‘ಸಿನ್ನಪ್ಪ’ ಆಗುವುದು ಹೀಗೆ.
- ಇಟಲಿಯವರಿಗೆ ‘ಸಿ’ಯ ಮುಂದೆ ‘ಐ’ ಅಥವಾ ‘ಇ’ ಬಂದರೆ ಅದು ‘ಚ’. ‘ಜಿ’ಯ ಮುಂದೆ ಬಂದರೆ ‘ಜ’.

ಲ್ಯಾಟಿನಿನಲ್ಲಿ ಹೆಸರಿನ ಬಾಲ ಬದಲಾಗುತ್ತದೆ

ಬಹಳ ಮಂದಿ ಎಡವುವುದು ಇಲ್ಲಿ. ಕನ್ನಡದಲ್ಲಿ ರಾಯಪ್ಪ, ರಾಯಪ್ಪನ, ರಾಯಪ್ಪನನ್ನು ಎನ್ನುವಂತೆ ಲ್ಯಾಟಿನಿನಲ್ಲಿಯೂ ವಿಭಕ್ತಿ ಇದೆ. ‘ಪಾವ್ಲುಸ್’, ‘ಪಾವ್ಲಿ’, ‘ಪಾವ್ಲುಂ’ ಮೂವರು ಬೇರೆ ಬೇರೆ ಜನರಲ್ಲ. ಪಾವ್ಲುಸ್ ಎಂದರೆ ಪೌಲ, ಪಾವ್ಲಿ ಎಂದರೆ ಪೌಲನ, ಪಾವ್ಲುಂ ಎಂದರೆ ಪೌಲನನ್ನು. ತಂದೆಯ ಹೆಸರು ಎಷ್ಟೋ ಕಡೆ ‘ಇಂಥವನ ಮಗ’ ಎಂದು ಷಷ್ಠಿಯಲ್ಲಿ ಬರುವುದರಿಂದ ‘ಜೊಆನ್ನಿಸ್’ ಎಂದು ಕಂಡರೆ ಕುಟುಂಬದ ಪಟ್ಟಿಯಲ್ಲಿ ‘ಜೊಆನ್ನಿಸ್’ ಎಂದೇ ಬರೆದುಬಿಡಬೇಡಿ. ಆತ ಜೊಆನ್ನೆಸ್, ಅಂದರೆ ಮನೆಯವರ ಜುವಾಂವ್.

‘ಫಿಲಿಯುಸ್’ ಎಂದರೆ ಮಗ, ‘ಫಿಲಿಯಾ’ ಮಗಳು, ‘ಪತ್ರಿನಿ’ ಜ್ಞಾನ ತಂದೆತಾಯಿ, ‘ವಿದುಆ’ ವಿಧವೆ, ‘ಒಬಿಯಿತ್’ ತೀರಿಕೊಂಡರು. ಇಷ್ಟು ಪದ ಗೊತ್ತಿದ್ದರೆ ಅರ್ಧ ಪುಟ ಓದಿದಂತೆ.

ತಿಂಗಳುಗಳಲ್ಲಿಯೂ ಎಚ್ಚರ ಬೇಕು. 7ರ ಮುಂದೆ ‘ಬ್ರಿಸ್’ ಎಂದಿದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. 8 ಅಕ್ಟೋಬರ್, 9 ನವೆಂಬರ್, 10 ಡಿಸೆಂಬರ್. ರೋಮನ್ ಪಂಚಾಂಗದಲ್ಲಿ ಇವು ಏಳು, ಎಂಟು, ಒಂಬತ್ತು, ಹತ್ತನೆಯ ತಿಂಗಳುಗಳಾಗಿದ್ದ ಕಾರಣ ಈ ರೂಢಿ ಬಂತು.

ಒಂದೇ ಸಂತರ ಹೆಸರು, ಮೂರು ರೂಪ

ಕರಾವಳಿಯ ಕೊಂಕಣಿ ರೂಪ, ಪುಸ್ತಕದ ಲ್ಯಾಟಿನ್ ರೂಪ, ಹಳೆ ಮೈಸೂರಿನ ರೂಪ ಇವುಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕು:

- ಪೆತ್ರುಸ್: ಕರಾವಳಿಯಲ್ಲಿ ಪೆದ್ರು, ಘಟ್ಟದ ಮೇಲೆ ರಾಯಪ್ಪ
- ಪಾವ್ಲುಸ್: ಪಾವ್ಲು, ಚಿನ್ನಪ್ಪ
- ಜೊಆನ್ನೆಸ್: ಜುವಾಂವ್, ಅರುಳಪ್ಪ
- ಜೊಸೇಫುಸ್: ಜೂಜೆ, ಸೂಸೈ, ಜೋಜಪ್ಪ
- ಫ್ರಾನ್ಸಿಸ್ಕುಸ್ ಶವೇರಿಯುಸ್: ಶಾವೆರ್, ಚೌರಪ್ಪ, ಸವರಿಯಪ್ಪ
- ಇಗ್ನಾತಿಯುಸ್: ಇನಾಸ್, ಇನ್ನಾಸಪ್ಪ
- ಅಂತೋನಿಯುಸ್: ಆಂತೊನ್, ಅಂತೋಣಿ, ಅಂತೋಣಪ್ಪ
- ಲಾಜರುಸ್: ಲಾದ್ರು, ದೇವಸಹಾಯ

ಇವುಗಳಲ್ಲಿ ಕೆಲವು ನೇರ ಅನುವಾದ. ‘ಪೌಲ’ ಎಂದರೆ ಲ್ಯಾಟಿನಿನಲ್ಲಿ ಚಿಕ್ಕವನು. ತಮಿಳಿನಲ್ಲಿಯೂ ‘ಚಿನ್ನ’ ಎಂದರೆ ಚಿಕ್ಕ. ಯೊವಾನ್ನರ ಹೆಸರಿನಲ್ಲಿರುವ ದೇವರ ಕೃಪೆಯೇ ಅರುಳಪ್ಪನ ‘ಅರುಳ್’. ಲಾಜರನೆಂದರೆ ದೇವರ ಸಹಾಯ ಪಡೆದವನು. 1745ರಲ್ಲಿ ಜ್ಞಾನಸ್ನಾನ ಪಡೆದು 2022ರಲ್ಲಿ ಸಂತ ಪದವಿಗೇರಿದ ದೇವಸಹಾಯಂ ಅವರ ಜ್ಞಾನಸ್ನಾನದ ಹೆಸರು ಇದೇ.

ಕರಾವಳಿಯಲ್ಲಿ ಮಾತ್ರ ಗೊಂದಲ ಕೊಡುವ ಇನ್ನು ಕೆಲವು: ಸೆಬಾಸ್ತಿಯಾನುಸ್ ಎಂದರೆ ಬಸ್ತ್ಯಾಂವ್, ದೊಮಿನಿಕುಸ್ ಎಂದರೆ ದುಮಿಂಗ್, ಕಯೆತಾನುಸ್ ಎಂದರೆ ಕೈತಾನ್, ವಿನ್ಸೆಂತಿಯುಸ್ ಎಂದರೆ ವಿಶೆಂತ್, ಅಲೋಯ್ಸಿಯುಸ್ ಎಂದರೆ ಲುವಿಸ್, ಎಮ್ಮಾನುಯೆಲ್ ಎಂದರೆ ಮಾನುಯೆಲ್. ಹೆಂಗಸರಲ್ಲಿ ಎಲಿಜಾಬೆತ್ ಮತ್ತು ಇಸಬೆಲ್ಲಾ ಎರಡೂ ಝಬೆಲ್ ಆಗಬಹುದು. ‘ಮರಿಯಾ’ ಎಂಬುದು ಬಹುಮಂದಿಗೆ ಮುಂದಿನ ಹೆಸರು. ಅದನ್ನು ಬಿಟ್ಟು ಎರಡನೇ ಹೆಸರು ನೋಡಿ.

ಅಡ್ಡಹೆಸರುಗಳ ಸಮಸ್ಯೆ

ಪೋರ್ಚುಗೀಸ್ ಬರಹಗಾರರು ಜಾಗ ಮತ್ತು ಸಮಯ ಉಳಿಸಲು ಹೆಸರುಗಳನ್ನು ಮೊಟಕು ಮಾಡುತ್ತಿದ್ದರು. ‘ರೊಯಿಜ್’ ಎಂದು ಕಂಡರೆ ಅದು ರೊಡ್ರಿಗಸ್. ‘ಎಫ್-ಆರ್-ಝಡ್’ ಎಂದರೆ ಫೆರ್ನಾಂಡಿಸ್. ‘ಎಂ’ ಅಕ್ಷರದ ಮೇಲೆ ಚಿಕ್ಕದಾಗಿ ‘ಇ-ಎಲ್’ ಇದ್ದರೆ ಅದು ಮಾನುಯೆಲ್ ಎಂಬ ಹೆಸರು, ಮೆಲ್ಲೊ ಎಂಬ ಅಡ್ಡಹೆಸರಲ್ಲ.

ಕೈಬರಹದಲ್ಲಿ ‘ಎನ್’ ಮತ್ತು ‘ಯು’, ‘ಸಿ’ ಮತ್ತು ‘ಇ’, ಉದ್ದನೆಯ ಹಳೇ ‘ಎಸ್’ ಮತ್ತು ‘ಎಫ್’ ಒಂದೇ ರೀತಿ ಕಾಣುತ್ತವೆ. ಕ್ರಾಸ್ತಾ ಮತ್ತು ಕೋಸ್ತಾ, ಮಥಾಯಸ್ ಮತ್ತು ಮಾರ್ಟಿಸ್, ಡಾಯಸ್ ಮತ್ತು ವಾಸ್ ಇವು ಕರಾವಳಿಯಲ್ಲಿ ನಿಜವಾಗಿಯೂ ಇರುವ ಬೇರೆ ಬೇರೆ ಕುಟುಂಬಗಳು. ಮಾಸಿದ ಪುಟದಲ್ಲಿ ಇವುಗಳನ್ನು ಬೇರ್ಪಡಿಸುವುದು ಒಂದೊಂದು ಗೆರೆ ಮಾತ್ರ. ‘ದ’ ಅಥವಾ ‘ಡಿ’ ಸೇರಿದ ಹೆಸರುಗಳನ್ನು ಅನುಕ್ರಮಣಿಕೆಯಲ್ಲಿ ಎರಡೂ ಕಡೆ ನೋಡಿ: ಡಿಸೋಜ ‘ಡಿ’ಯಲ್ಲಿಯೂ ಇರಬಹುದು, ‘ಎಸ್’ನಲ್ಲಿಯೂ ಇರಬಹುದು.

ಪ್ರಭು, ಕಾಮತ್, ಪೈ, ಶೇಟ್, ನಾಯಕ್ ಎಂಬ ಹಳೆಯ ಮನೆತನದ ಹೆಸರುಗಳನ್ನು ಕೆಲವು ಕುಟುಂಬಗಳು ಇಂದಿಗೂ ನೆನಪಿಟ್ಟುಕೊಂಡಿವೆ. ದಾಖಲೆಯಲ್ಲಿ ಇಂಥ ಹೆಸರು ಕಂಡಾಗ ‘ಇವರು ನಮ್ಮವರಲ್ಲ’ ಎಂದು ಬಿಟ್ಟುಬಿಡಬಾರದು.

ಹಳೆ ಮೈಸೂರಿನ ಕಡೆ ಸಮಸ್ಯೆ ಬೇರೆ. ಅಲ್ಲಿನ ಅನೇಕ ಕ್ರೈಸ್ತರಿಗೆ ಅಡ್ಡಹೆಸರಿನ ರೂಢಿ ಇರಲಿಲ್ಲ. ತಂದೆಯ ಹೆಸರೇ ಗುರುತು. ಘಟ್ಟ ಹತ್ತಿದ ಕುಟುಂಬ ಎರಡು ತಲೆಮಾರು ಕಳೆಯುವಷ್ಟರಲ್ಲಿ ಪುಸ್ತಕದಲ್ಲಿ ಅಡ್ಡಹೆಸರು ಕಳೆದುಕೊಂಡಿರಬಹುದು. ಹೆಸರಿನ ಮುಂದಿನ ಒಂದು ಇನಿಶಿಯಲ್ ಮಾತ್ರ ಉಳಿದಿರುತ್ತದೆ.

ಯಾವ ಕೊಪ್ಪ? ಊರಿನ ಹೆಸರು ಓದುವುದು

ಜ್ಞಾನಸ್ನಾನ ಪುಸ್ತಕದ ಅಂಚಿನಲ್ಲಿ ವಿವಾಹದ ವಿವರ ಬರೆಯುವುದು 1907ರ ‘ನೆ ತೆಮೆರೆ’ ಆಜ್ಞೆಯಿಂದ ಕಡ್ಡಾಯವಾಯಿತು. ಅದು ಜಾರಿಗೆ ಬಂದದ್ದು 1908ರ ಈಸ್ಟರ್‌ನಿಂದ. ಹಾಗಾಗಿ ಅಂಚಿನ ಟಿಪ್ಪಣಿಗಳು ಸಾಮಾನ್ಯವಾಗಿ ಆ ನಂತರದ ಮದುವೆಗಳವು. ಆ ಟಿಪ್ಪಣಿಯಲ್ಲಿ ‘ಕೊಪ್ಪ’ದ ಜೊತೆ ‘ಮೈಸೂರು ಧರ್ಮಪ್ರಾಂತ್ಯ’ ಎಂದು ಇದ್ದರೂ ಪ್ರಶ್ನೆ ಮುಗಿಯುವುದಿಲ್ಲ. ಚಿಕ್ಕಮಗಳೂರು ಧರ್ಮಪ್ರಾಂತ್ಯ ಆದದ್ದು 1963ರಲ್ಲಿ. ಅದಕ್ಕೆ ಮೊದಲು ಚಿಕ್ಕಮಗಳೂರಿನ ಕೊಪ್ಪವೂ ಪಿರಿಯಾಪಟ್ಟಣದ ಕೊಪ್ಪವೂ ಮೈಸೂರಿಗೇ ಸೇರಿದ್ದವು.

ಹತ್ತಿರದ ಊರುಗಳ ಹೆಸರು ಇಲ್ಲಿ ನೆರವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಕುಶಾಲನಗರಕ್ಕೆ ಫ್ರೇಸರ್‌ಪೇಟೆ ಎಂಬ ಹೆಸರಿತ್ತು. ಕೃಷ್ಣರಾಜನಗರ ಎಂಬ ಹೆಸರು 20ನೇ ಶತಮಾನದ್ದು. ಹಿಂದೆ ಆ ತಾಲ್ಲೂಕು ಎಡತೊರೆ. ಎಚ್.ಡಿ. ಕೋಟೆ ಪೂರ್ಣವಾಗಿ ಹೆಗ್ಗಡದೇವನಕೋಟೆ. ಇಂಗ್ಲಿಷ್ ಕಾಗುಣಿತದಲ್ಲಿ ಹುಣಸೂರು ‘ಹೂನ್ಸೂರ್’ ಆಗಿದೆ, ಪಿರಿಯಾಪಟ್ಟಣ ‘ಪೆರಿಯಪಟಂ’ ಆಗಿದೆ. ಅದೇ ಪುಸ್ತಕದಲ್ಲಿ, ಅದೇ ಕುಟುಂಬದ ಬೇರೆ ದಾಖಲೆಗಳಲ್ಲಿ ಫ್ರೇಸರ್‌ಪೇಟೆ ಅಥವಾ ಎಡತೊರೆ ಕಂಡರೆ ಅದು ಕಾವೇರಿ ತೀರದ ಕೊಪ್ಪ ಎನ್ನಲು ಬಲ ಬರುತ್ತದೆ. ಶೃಂಗೇರಿ, ಬಾಳೆಹೊನ್ನೂರು ಕಂಡರೆ ಚಿಕ್ಕಮಗಳೂರಿನದು.

ಇನ್ನೊಂದು ವಿಷಯ: ಕಾವೇರಿ ನದಿ ಆಗ ಕೊಡಗು ಮತ್ತು ಮೈಸೂರು ಸಂಸ್ಥಾನದ ಗಡಿ. ಮನೆ ಒಂದು ದಡದಲ್ಲಿ, ದುಡಿಮೆ ಮತ್ತೊಂದು ದಡದಲ್ಲಿ ಇರಬಹುದಿತ್ತು. ಚಿಕ್ಕ ಊರುಗಳ ದಾಖಲೆ ಮೂಲ ಧರ್ಮಕೇಂದ್ರದ ಪುಸ್ತಕದಲ್ಲಿರುತ್ತದೆ. ಆದ್ದರಿಂದ ಎರಡೂ ದಡಗಳ ಚರ್ಚುಗಳಲ್ಲಿ ವಿಚಾರಿಸಬೇಕು.

ಒಂದು ಮಾದರಿ

ಇದು ತಿಳಿವಳಿಕೆಗಾಗಿ ಮಾಡಿಕೊಂಡ ಮಾದರಿ. ಯಾವ ಕುಟುಂಬದ್ದೂ ಅಲ್ಲ.

ಕರಾವಳಿಯ ಪುಸ್ತಕದಲ್ಲಿ ‘ರೋಸಾ, ಪಾವ್ಲಿ ಕ್‌–ಸ್ತಾ ಅವರ ಮಗಳು’ ಎಂದಿದೆ, ಅಡ್ಡಹೆಸರಿನ ಮಧ್ಯದ ಅಕ್ಷರ ಹುಳು ತಿಂದಿದೆ. ಅಂಚಿನಲ್ಲಿ ‘ಕೊಪ್ಪ’. ಘಟ್ಟದ ಮೇಲಿನ ವಿವಾಹ ಪುಸ್ತಕದಲ್ಲಿ ‘ರೋಸಮ್ಮ, ತಂದೆ ಸಿನ್ನಪ್ಪ’ ಎಂದಿದೆ. ಪೌಲ ಎಂದರೆ ಚಿನ್ನಪ್ಪ, ಹಾಗಾದರೆ ಇವಳೇ ಅವಳು ಎಂದು ಸಂತೋಷಪಡುವುದು ಬೇಡ. ಚಿನ್ನಪ್ಪ ಎಂಬ ತಂದೆಯರು ಆ ಪುಸ್ತಕದಲ್ಲಿ ಇನ್ನೂ ಇರಬಹುದು.

ಮೊದಲು ವಿವಾಹದ ತಾರೀಕು ಎರಡೂ ಕಡೆ ಹೊಂದುತ್ತದೆಯೇ ನೋಡಿ. ನಂತರ ತಾಯಿಯ ಹೆಸರು, ವಧುವಿನ ವಯಸ್ಸು. ಮೂರನೆಯದಾಗಿ ರೋಸಾಳ ಅಣ್ಣತಮ್ಮಂದಿರ ಜ್ಞಾನಸ್ನಾನ ಹುಡುಕಿ. ಅದೇ ಗುರುಗಳ ಅದೇ ಕೈಬರಹದಲ್ಲಿ ಅಡ್ಡಹೆಸರು ಅಲ್ಲಿ ಪೂರ್ತಿಯಾಗಿ ಇರಬಹುದು. ಕೊನೆಗೆ, ರೋಸಮ್ಮನ ಮೊದಲ ಮಗುವಿನ ಜ್ಞಾನ ತಂದೆತಾಯಿ ಯಾರು? ಕರಾವಳಿಯಿಂದ ಬಂದ ಸೋದರಮಾವನ ಹೆಸರು ಅಡ್ಡಹೆಸರಿನ ಸಮೇತ ಅಲ್ಲಿ ಇದ್ದರೆ ಕೊಂಡಿ ಸಿಕ್ಕಿತು.

ಸಂಬಂಧ ತಿಳಿಸುವ ಗುಟ್ಟಿನ ಸಾಲು

ವಿವಾಹ ಪುಸ್ತಕದಲ್ಲಿ ಕೆಲವೊಮ್ಮೆ ‘ರಕ್ತಸಂಬಂಧದ ಅಡ್ಡಿಯಿಂದ ವಿನಾಯಿತಿ’ ಎಂಬ ಸಾಲು ಇರುತ್ತದೆ. 1215ರಿಂದ 1917ರ ಧರ್ಮಸಭಾ ಸಂಹಿತೆಯವರೆಗೆ ನಾಲ್ಕನೇ ಹಂತದವರೆಗೂ, ಆ ಬಳಿಕ 1983ರವರೆಗೆ ಮೂರನೇ ಹಂತದವರೆಗೂ ಮದುವೆಗೆ ಅಡ್ಡಿಯಿತ್ತು. ಹಳೆಯ ಲೆಕ್ಕದಲ್ಲಿ ‘ಎರಡನೇ ಹಂತ’ ಎಂದರೆ ವಧೂವರರಿಗೆ ಅಜ್ಜ ಅಥವಾ ಅಜ್ಜಿ ಒಬ್ಬರೇ. ‘ಮೂರನೇ ಹಂತ’ ಎಂದರೆ ಮುತ್ತಜ್ಜ ಅಥವಾ ಮುತ್ತಜ್ಜಿ ಒಬ್ಬರೇ. ಹೆಸರು ಓದಲಾಗದಿದ್ದರೂ ಎರಡು ಮನೆಗಳು ಹೇಗೆ ಸಂಬಂಧಿಕರು ಎಂದು ಈ ಒಂದು ಸಾಲು ಹೇಳುತ್ತದೆ.

ಬರೆದುಕೊಳ್ಳುವ ಕ್ರಮ

1. ಮೊದಲು ಇದ್ದದ್ದು ಇದ್ದಂತೆ ನಕಲು ಮಾಡಿ. ಓದಲಾಗದ ಅಕ್ಷರಕ್ಕೆ ಗೆರೆ ಎಳೆಯಿರಿ, ಊಹಿಸಿ ತುಂಬಬೇಡಿ.
2. ನಿಮ್ಮ ಅರ್ಥವನ್ನು ಬೇರೆ ಸಾಲಿನಲ್ಲಿ ಬರೆಯಿರಿ.
3. ಅದೇ ಗುರುಗಳು ಬರೆದ ಹಿಂದಿನ ಮುಂದಿನ ಹತ್ತು ಪುಟ ಓದಿ. ಸ್ಪಷ್ಟವಾಗಿರುವ ಪದಗಳಿಂದ ಅವರ ಅಕ್ಷರಮಾಲೆ ತಯಾರಿಸಿಕೊಳ್ಳಿ.
4. ಜ್ಞಾನಸ್ನಾನ, ವಿವಾಹ, ಮರಣ ಮೂರೂ ಪುಸ್ತಕ ನೋಡಿ. ಮಗು ತೀರಿಕೊಂಡರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದಿತ್ತು. ಮರಣ ಪುಸ್ತಕ ನೋಡದಿದ್ದರೆ ತೀರಿಕೊಂಡ ಮಗುವಿಗೆ ಮದುವೆ ಮಾಡಿಸಿದಂತಾಗುತ್ತದೆ.
5. ಪ್ರತಿ ಹೆಸರಿನ ಮುಂದೆ ‘ಖಚಿತ’, ‘ಸಂಭವ’, ‘ಊಹೆ’ ಎಂದು ಗುರುತು ಹಾಕಿ. ಹೆಸರಲ್ಲದೆ ಇನ್ನೆರಡು ವಿವರಗಳಾದರೂ ಹೊಂದದಿದ್ದರೆ ‘ಖಚಿತ’ ಎನ್ನಬೇಡಿ.

ಕುಟುಂಬದ ಸಮ್ಮಿಲನಕ್ಕೆಂದು ಅಚ್ಚು ಹಾಕಿಸುವ ವಂಶಾವಳಿ ಪುಸ್ತಕಗಳಿಗೆ ಈ ಐದನೇ ಅಂಶ ಬಹಳ ಮುಖ್ಯ. ಒಮ್ಮೆ ಅಚ್ಚಾದ ಊಹೆಯನ್ನು ಮುಂದಿನ ತಲೆಮಾರು ಸತ್ಯವೆಂದೇ ನಂಬುತ್ತದೆ. ಯಾರದೋ ಅಜ್ಜಿ ನಮ್ಮ ಮನೆಗೆ ಬರುತ್ತಾರೆ, ನಮ್ಮ ಅಜ್ಜಿ ಯಾವ ಮನೆಗೂ ಸೇರದೆ ಉಳಿಯುತ್ತಾರೆ.

ಚರ್ಚ್ ಕಚೇರಿಯವರಿಗೆ

ಹಳೆಯ ಪುಸ್ತಕದಲ್ಲಿ ಹೆಸರು ತಪ್ಪಾಗಿದೆ ಎನಿಸಿದರೂ ಅದರ ಮೇಲೆ ಪೆನ್ನು ತಾಗಿಸಬಾರದು. ತಿದ್ದುಪಡಿ ಬೇಕಿದ್ದರೆ ವಿಗಾರರ ಮೂಲಕ ಧರ್ಮಪ್ರಾಂತ್ಯದ ಕಚೇರಿಗೆ ಬರೆಯಬೇಕು. ಪ್ರಮಾಣಪತ್ರ ಕೊಡುವಾಗ ಪುಸ್ತಕದಲ್ಲಿ ಇರುವಂತೆಯೇ ಬರೆಯಬೇಕು. ಕೇಳಲು ಬಂದವರ ಆಧಾರ್ ಕಾರ್ಡಿಗೆ ಹೊಂದುವಂತೆ ಅಲ್ಲ. ಹಳೆಯ ಪುಸ್ತಕಗಳನ್ನೂ ಜಾಗ್ರತೆಯಿಂದ ಕಾಪಾಡಬೇಕೆಂದು 1983ರ ಸಂಹಿತೆಯ 535ನೇ ನಿಯಮ ಹೇಳುತ್ತದೆ.

ಮಾಸಿದ ಅಕ್ಷರ ಕಾಣಲೆಂದು ಪುಟಕ್ಕೆ ನೀರು ಒರೆಸುವುದು, ಹರಿದಲ್ಲಿ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಬೇಡ. ಹಳೆಯ ಕಬ್ಬಿಣದ ಶಾಯಿ ಕಾಗದವನ್ನು ತಾನಾಗಿಯೇ ತಿನ್ನುತ್ತಿರುತ್ತದೆ, ತೇವ ತಾಗಿದರೆ ಇನ್ನೂ ಬೇಗ. ಫ್ಲ್ಯಾಶ್ ಇಲ್ಲದೆ, ಬೆಳಕು ಒಂದು ಪಕ್ಕದಿಂದ ಬೀಳುವಂತೆ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದರೆ ಎಷ್ಟೋ ಅಕ್ಷರ ಎದ್ದು ಬರುತ್ತವೆ. ಫೋಟೋ ತೆಗೆಯುವ ಮೊದಲು ವಿಗಾರರ ಅನುಮತಿ ಇರಲಿ.

ಕೊನೆಯದಾಗಿ ಒಂದು ಸೂಕ್ಷ್ಮ ವಿಷಯ. ಕೆಲವು ದಾಖಲೆಗಳಲ್ಲಿ ‘ಪಾತ್ರೆ ಇಗ್ನೋತೊ’, ಅಂದರೆ ‘ತಂದೆ ತಿಳಿಯದು’ ಎಂದಿರುತ್ತದೆ. ಅದನ್ನು ತಂದೆಯ ಹೆಸರೆಂದು ತಪ್ಪಾಗಿ ಓದಿದವರೂ ಇದ್ದಾರೆ, ಗೊತ್ತಾದ ಮೇಲೆ ಊರೆಲ್ಲ ಹೇಳಿದವರೂ ಇದ್ದಾರೆ. ಆ ಮಗುವಿಗೂ ಒಬ್ಬರು ಜ್ಞಾನ ತಂದೆ, ಒಬ್ಬರು ಜ್ಞಾನ ತಾಯಿ ಮುಂದೆ ಬಂದು ನಿಂತರು, ಒಬ್ಬ ಗುರು ಹೆಸರು ಬರೆದರು. ನಾವು ಓದುವಾಗಲೂ ಅಷ್ಟೇ ಗೌರವ ಇರಲಿ. ಮನೆಯವರಿಗೆ ಮಾತ್ರ, ಮೆಲ್ಲಗೆ ತಿಳಿಸಿ.

ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ, ಚರ್ಚಿಗೆ ಹೋಗುವ ಮೊದಲು ಅವರ ಬಳಿ ಕುಳಿತು ಕೇಳಿ: ಅಜ್ಜನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ಅವರ ಮದುವೆಗೆ ಘಟ್ಟದ ಮೇಲಿನಿಂದ ಯಾರು ಬಂದಿದ್ದರು? ಕೊಪ್ಪ ಎಂದರೆ ನದಿ ದಾಟಿ ಹೋಗುವ ಕೊಪ್ಪವೇ? ಪುಸ್ತಕದಲ್ಲಿ ಹುಳು ತಿಂದ ಅಕ್ಷರ ಕೆಲವೊಮ್ಮೆ ಅವರ ಬಾಯಲ್ಲಿ ಉಳಿದಿರುತ್ತದೆ.